ಕಾರವಾರ: ಕಾಳಿಯ ಅಳಿವೆಯ ನಗರ ಮತ್ತು ಅದರ ದ್ವೀಪಗಳು

ಹೈದರಾಬಾದು ಕಡಲಿಲ್ಲದ ನಗರ. ಗೋಲ್ಕೊಂಡದ ಅರಸರಿಗೆ ಪೂರ್ವ ತೀರದಲ್ಲಿ ಮಚಲೀಪಟ್ಟಣದ ರೇವಿತ್ತು. 18ನೆಯ ಶತಮಾನದಲ್ಲಿ ಉತ್ತರ ಸರ್ಕಾರಗಳೆಂದು ಕರೆಯಲಾಗುತ್ತಿದ್ದ ಕರಾವಳಿ ಜಿಲ್ಲೆಗಳು ಇಂಗ್ಲಿಷರ ಕೈಸೇರಿದ ಮೇಲೆ ನಿಜಾಮರ ರಾಜ್ಯ ನಾಲ್ಕೂ ಕಡೆ ನೆಲದಿಂದಲೇ ಸುತ್ತುವರಿಯಲ್ಪಟ್ಟಿತು. ಸಮುದ್ರಮುಖವಿಲ್ಲದ ಕೊರತೆ ಆ ರಾಜ್ಯವನ್ನು ಕೊನೆಯವರೆಗೂ ಕಾಡಿತು. 1947-48ರಲ್ಲಿ ನಿಜಾಮ ಸರ್ಕಾರವು ಗೋವೆಯ ಮುರ್ಮಗೋವಾ ಬಂದರನ್ನು ಪಡೆಯಲು ಪೋರ್ಚುಗೀಸರೊಡನೆ ಮಾತುಕತೆಗೆ ಯತ್ನಿಸಿದುದು ಇತಿಹಾಸದಲ್ಲಿ ದಾಖಲಾಗಿದೆ. ಆ ಬಂದರಿಗೆ ದಕ್ಷಿಣದಲ್ಲಿ, ಗೋವೆಯ ಗಡಿಯನ್ನು ದಾಟಿದೊಡನೆ, ಕನ್ನಡನಾಡಿನದೇ ಆದ ಒಂದು ರೇವು ಇದೆ. ಅದು ಕಾರವಾರ, ಉತ್ತರ ಕನ್ನಡ ಜಿಲ್ಲೆಯ ಕೇಂದ್ರ.

ನಮ್ಮ ಓದುಗರಲ್ಲಿ ಅನೇಕರ ಮೂಲ ಕಲಬುರಗಿ, ಬೀದರ, ರಾಯಚೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳು. ಆ ಜಿಲ್ಲೆಗಳಿಗೂ ಕಾರವಾರಕ್ಕೂ ಒಂದು ಸಮಾನ ಜನ್ಮದಿನವುಂಟು. 1956ರ ನವೆಂಬರ್ 1ರಂದು ಅವು ಹೈದರಾಬಾದು ರಾಜ್ಯದಿಂದಲೂ, ಉತ್ತರ ಕನ್ನಡವು ಮುಂಬಯಿ ರಾಜ್ಯದಿಂದಲೂ ಬೇರ್ಪಟ್ಟು ಏಕೀಕೃತ ಮೈಸೂರು ರಾಜ್ಯದಲ್ಲಿ ಒಂದಾದವು. ಹೀಗಿದ್ದರೂ ಕಾರವಾರವೆಂದರೆ ನಮ್ಮಲ್ಲಿ ಬಹುಮಂದಿಗೆ ಒಂದು ಸುಂದರ ಕಡಲತೀರವೆಂಬುದಕ್ಕಿಂತ ಹೆಚ್ಚು ತಿಳಿದಿಲ್ಲ. ಆ ತೀರದ ಎದುರಿಗೆ ನಿಂತಿರುವ ದ್ವೀಪಗಳೇ ನಗರದ ಭಾಗ್ಯವನ್ನೂ ಅದರ ಸಂಕಟಗಳನ್ನೂ ರೂಪಿಸಿವೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇವೆ.

ನೆಲೆ ಮತ್ತು ನಿಸರ್ಗ

ಕಾರವಾರವು ಕಾಳಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ದಕ್ಷಿಣ ದಂಡೆಯಲ್ಲಿದೆ. ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡವಿದೆ. ಕಾಳಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿಯುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ಹುಟ್ಟಿ ಅಲ್ಲಿಯೇ ಕಡಲನ್ನು ಸೇರುವ ಈ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ಕಟ್ಟಲಾಗಿದೆ. ಕೈಗಾ ಅಣುವಿದ್ಯುತ್ ಸ್ಥಾವರವೂ ಇದೇ ನದಿಯ ದಡದಲ್ಲಿದೆ.

ಕರ್ನಾಟಕದ ಕರಾವಳಿಯ ಬಹುಭಾಗದಲ್ಲಿ ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ ತೆಂಗು, ಗದ್ದೆಗಳ ಒಂದು ಪಟ್ಟಿ ಇರುತ್ತದೆ. ಕಾರವಾರದಲ್ಲಿ ಆ ಪಟ್ಟಿ ತೀರ ಕಿರಿದು. ಬೆಟ್ಟದ ಚಾಚುಗಳು ನೇರವಾಗಿ ನೀರಿಗಿಳಿಯುತ್ತವೆ. ನಗರದ ದಕ್ಷಿಣಕ್ಕಿರುವ ಭೂಶಿರವು ಅಂತಹ ಒಂದು ಚಾಚು. ಅದರ ಮಡಿಲಲ್ಲಿ ಬೈತಕೋಲ ಎಂಬ ರೇವು ಅಡಗಿದೆ. ಕಡಲಿನಲ್ಲಿ ಮುಂದಕ್ಕೆ ಕಾಣುವ ದ್ವೀಪಗಳು ಅದೇ ಬೆಟ್ಟಸಾಲಿನ ಮುಳುಗದೆ ಉಳಿದ ತಲೆಗಳಂತಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಪಶ್ಚಿಮ ತೀರದ ಬಹುತೇಕ ರೇವುಗಳಲ್ಲಿ ಹಡಗು ನಿಲ್ಲುವುದು ಕಷ್ಟ. ಇಲ್ಲಿಯಾದರೋ ಭೂಶಿರವೂ ದ್ವೀಪಗಳೂ ಅಲೆಗಳ ಮೊದಲ ಏಟನ್ನು ತಾವು ತೆಗೆದುಕೊಂಡು ಕೊಲ್ಲಿಯ ನೀರನ್ನು ಶಾಂತವಾಗಿಡುತ್ತವೆ. ಹೈದರಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ ಕಾರವಾರದಲ್ಲಿ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ಅಂತಹ ಮಳೆಗಾಲದಲ್ಲಿ ಲಂಗರು ಹಾಕಲು ಯೋಗ್ಯವಾದ ಜಾಗವೆಂಬ ಒಂದೇ ಗುಣಕ್ಕಾಗಿ ಐದು ನೂರು ವರ್ಷಗಳಿಂದ ಈ ಸ್ಥಳಕ್ಕೆ ಜನ ಹೋರಾಡಿದ್ದಾರೆ.

ಹೆಸರಿನ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಈಗಿನ ನಗರದಿಂದ ಒಳಕ್ಕೆ, ಕಾಳಿಯ ದಂಡೆಯಲ್ಲಿರುವ ಕಡವಾಡವೇ ಹಳೆಯ ಊರು. ಅದರ ಹೆಸರೇ ಪರದೇಶಿಗಳ ಬಾಯಲ್ಲಿ ಕಾರವಾರವಾಯಿತೆಂಬುದು ರೂಢಿಯ ವಿವರಣೆ. ಬೈತಕೋಲವು ಆಶ್ರಯದ ಕೊಲ್ಲಿ ಎಂಬರ್ಥದ ಅರಬ್ಬೀ ಮಾತಿನಿಂದ ಬಂದುದೆಂದು ಹೇಳುತ್ತಾರೆ.

ದ್ವೀಪಗಳ ಪರಿಚಯ

ಕಾರವಾರದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕೂರ್ಮಗಡ, ಮಧ್ಯಲಿಂಗಗಡ, ದೇವಗಡ ಮೊದಲಾದ ದ್ವೀಪಗಳು ಚದರಿದಂತೆ ಕಾಣುತ್ತವೆ. ದಕ್ಷಿಣಕ್ಕೆ, ಬಿಣಗಾದ ಎದುರಿಗೆ, ಇವೆಲ್ಲಕ್ಕಿಂತ ದೊಡ್ಡದಾದ ಅಂಜುದೀವವಿದೆ.

ಕೂರ್ಮಗಡವು ಹೆಸರೇ ಹೇಳುವಂತೆ ಆಮೆಯ ಆಕಾರದ ಗುಡ್ಡ. ಇಲ್ಲಿ ನರಸಿಂಹ ದೇವರ ಗುಡಿಯಿದೆ. ಪುಷ್ಯ ಮಾಸದ ಹುಣ್ಣಿಮೆಯಂದು ಇಲ್ಲಿ ನಡೆಯುವ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ಹೋಗಿ ಬಾಳೆಗೊನೆಯನ್ನು ಅರ್ಪಿಸುತ್ತಾರೆ. ಕರಾವಳಿಯ ಮೀನುಗಾರರಿಗೆ ಇದು ತಮ್ಮ ಮನೆಯ ದೇವರ ಹಬ್ಬದಂತೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ಒಂದು ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಘಟ್ಟದ ಮೇಲಿನಿಂದ ಬಂದಿದ್ದವರೂ ಇದ್ದರು. ದಂಡೆಯಿಂದ ನೋಡುವವರಿಗೆ ಕೈಗೆ ಎಟಕುವಂತೆ ಕಾಣುವ ಈ ದ್ವೀಪಗಳ ನಡುವಿನ ನೀರು ಎಷ್ಟು ಕಠಿಣವೆಂಬುದನ್ನು ಆ ದುರಂತ ನೆನಪಿಸಿತು.

ದೇವಗಡವನ್ನು ಇಂಗ್ಲಿಷರು ಆಯ್ಸ್ಟರ್ ರಾಕ್ ಎಂದು ಕರೆದರು. 1860ರ ದಶಕದಲ್ಲಿ ಅಲ್ಲಿ ಕಟ್ಟಿದ ದೀಪಸ್ತಂಭವು ಕಾರವಾರದ ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರುತ್ತ ಬಂದಿದೆ.

ಅಂಜುದೀವವು ಉದ್ದದಲ್ಲಿ ಸುಮಾರು ಒಂದೂವರೆ ಕಿಲೋಮೀಟರು. ಅಗಲ ಅದರ ಕಾಲುಭಾಗಕ್ಕಿಂತ ಕಡಿಮೆ. ಕಾರವಾರದ ದಂಡೆಗೆ ಇಷ್ಟು ಹತ್ತಿರವಿದ್ದರೂ ಆಡಳಿತದಲ್ಲಿ ಅದು ಇಂದಿಗೂ ಗೋವಾ ರಾಜ್ಯದ ಕಾಣಕೋಣ ತಾಲ್ಲೂಕಿಗೆ ಸೇರಿದೆ. ಇದಕ್ಕೆ ಕಾರಣವೇನೆಂಬುದೇ ಒಂದು ದೊಡ್ಡ ಕಥೆ.

ಅಂಜುದೀವದ ನಾಲ್ಕೂವರೆ ಶತಮಾನ

ಸಿಹಿನೀರಿನ ಬುಗ್ಗೆಗಳಿದ್ದ ಈ ದ್ವೀಪ ದೂರ ಸಮುದ್ರಯಾನ ಮಾಡುವವರಿಗೆ ವರವಾಗಿತ್ತು. 1498ರಲ್ಲಿ ಕಲ್ಲಿಕೋಟೆಯಿಂದ ತಾಯ್ನಾಡಿಗೆ ಹೊರಟ ವಾಸ್ಕೋ ಡ ಗಾಮ ಇಲ್ಲಿ ತಂಗಿ ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡನು. 1505ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡ ಬಂದು ಕೋಟೆ ಕಟ್ಟಲಾರಂಭಿಸಿದನು. ಗೋವೆ ಆಗ ಬಿಜಾಪುರದ ಆದಿಲಶಾಹಿಯ ಅಧೀನದಲ್ಲಿತ್ತು. ಅಲ್ಲಿಂದ ಬಂದ ಸೇನೆಯ ಮುತ್ತಿಗೆಯ ತರುವಾಯ ಪೋರ್ಚುಗೀಸರು ಮರುವರ್ಷವೇ ಕೋಟೆಯನ್ನು ತಾವೇ ಕೆಡವಿ ಹೊರಟುಹೋದರು. 1510ರಲ್ಲಿ ಗೋವೆಯೇ ಅವರ ವಶವಾದ ಮೇಲೆ ದ್ವೀಪದ ಅಗತ್ಯ ಕಡಿಮೆಯಾಯಿತು.

ದ್ವೀಪದಲ್ಲಿ ಮೊದಲು ಆರ್ಯಾದುರ್ಗಾ ದೇವಿಯ ಗುಡಿಯಿತ್ತೆಂದೂ ಪೋರ್ಚುಗೀಸರ ಕಾಲದಲ್ಲಿ ದೇವಿಯನ್ನು ಅಂಕೋಲೆಗೆ ತಂದು ನೆಲೆಗೊಳಿಸಿದರೆಂದೂ ಜನರಲ್ಲಿ ಪ್ರತೀತಿಯಿದೆ. ಅಂಕೋಲೆಯ ಆರ್ಯಾದುರ್ಗಾ ಗುಡಿಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ.

ಮುಂಬಯಿಯ ಏಳು ದ್ವೀಪಗಳ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನಿಗೆ ಕೊಟ್ಟು ಮದುವೆ ಮಾಡಿದಾಗ ಮುಂಬಯಿ ಬಳುವಳಿಯಾಗಿ ಹೋಯಿತು. ಆ ಕಥೆಯ ಒಂದು ಕಹಿ ಅಧ್ಯಾಯ ಕಾರವಾರದೆದುರು ನಡೆಯಿತೆಂಬುದು ಮಾತ್ರ ಹೆಚ್ಚು ಪ್ರಚಾರದಲ್ಲಿಲ್ಲ. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ನನ ನೇತೃತ್ವದಲ್ಲಿ ನಾಲ್ಕು ನೂರರಷ್ಟು ಇಂಗ್ಲಿಷ್ ಸೈನಿಕರು ಬಂದರು. ಪೋರ್ಚುಗೀಸ್ ಅಧಿಕಾರಿಗಳು ದ್ವೀಪವನ್ನು ಒಪ್ಪಿಸಲು ಒಪ್ಪಲಿಲ್ಲ. ಎಲ್ಲಿಯೂ ಇಳಿಯಲು ಅವಕಾಶ ಸಿಗದೆ ಅವರು ಅಂಜುದೀವದಲ್ಲಿ ಬೀಡುಬಿಟ್ಟರು. ಮಳೆ, ಜ್ವರ, ಆಹಾರದ ಕೊರತೆಗಳಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದರು. 1664ರಲ್ಲಿ ಶಿಪ್‌ಮನ್ ಅಲ್ಲಿಯೇ ತೀರಿಕೊಂಡನು. 1665ರಲ್ಲಿ ಹಂಫ್ರಿ ಕುಕ್ ಎಂಬವನು ಮುಂಬಯಿಯನ್ನು ವಹಿಸಿಕೊಂಡಾಗ ಬದುಕುಳಿದಿದ್ದವರು ನೂರರ ಆಸುಪಾಸಿನವರು ಮಾತ್ರ. ಮುಂಬಯಿಯಲ್ಲಿ ಇಂಗ್ಲಿಷರ ಆಳ್ವಿಕೆಯ ಮೊದಲ ಸಮಾಧಿಗಳು ಹೀಗೆ ಕಾರವಾರದೆದುರಿನ ದ್ವೀಪದಲ್ಲಿವೆ ಎನ್ನಬಹುದು.

1682ರಲ್ಲಿ ಪೋರ್ಚುಗೀಸರು ಮರಳಿ ಬಂದು ಹೊಸ ಕೋಟೆಯನ್ನು ಕಟ್ಟಿದರು. ಬುಗ್ಗೆಗಳ ಮಾತೆಯೆಂಬ ಹೆಸರಿನ ಇಗರ್ಜಿ ದ್ವೀಪದ ಗುರುತಾಯಿತು. ಟಿಪ್ಪು ಸುಲ್ತಾನನ ಕಾಲದ ಯುದ್ಧಗಳಲ್ಲಿ ಕೆನರಾ ಮತ್ತು ಸೋಂದೆಯ ಸೀಮೆಗಳ ಕ್ರೈಸ್ತರು ಇಲ್ಲಿ ಆಶ್ರಯ ಪಡೆದರು. ಮುಂದೆ ದ್ವೀಪವು ಕೈದಿಗಳನ್ನು ಗಡೀಪಾರು ಮಾಡುವ ತಾಣವೂ ಆಯಿತು.

ಮೆಣಸು, ಮಸ್ಲಿನ್ ಮತ್ತು ಕೋಟೆ

ದ್ವೀಪ ಪೋರ್ಚುಗೀಸರದಾದರೆ ದಂಡೆಯ ಒಡೆಯರು ಬೇರೆ ಬೇರೆಯವರು. ವಿಜಯನಗರದ ತರುವಾಯ ಇಲ್ಲಿ ಬಿಜಾಪುರದ ಆಳ್ವಿಕೆ ನಡೆಯಿತು. 1638ರಲ್ಲಿ ಸರ್ ವಿಲಿಯಂ ಕೋರ್ಟೀನನ ವರ್ತಕ ಸಂಘ ಇಲ್ಲಿ ಕೋಠಿಯನ್ನು ತೆರೆಯಿತು. ಅದು ಮುಂದೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಘಟ್ಟದ ಮೆಣಸು, ಏಲಕ್ಕಿಗಳ ಜೊತೆಗೆ ಹುಬ್ಬಳ್ಳಿಯ ಕಡೆಯ ನೇಕಾರರು ನೆಯ್ದ ನವಿರಾದ ಮಸ್ಲಿನ್ ಬಟ್ಟೆಯೂ ಕಾರವಾರದಿಂದ ಹಡಗು ಹತ್ತುತ್ತಿತ್ತು. ರೇವಿನ ಐಶ್ವರ್ಯ ಘಟ್ಟದ ಮೇಲಿನ ನೇಕಾರರ ಮತ್ತು ಬೆಳೆಗಾರರ ಕೈಯಲ್ಲಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

1665ರ ಫೆಬ್ರವರಿಯಲ್ಲಿ ಬಸರೂರನ್ನು ಲೂಟಿಮಾಡಿ ಮರಳುತ್ತಿದ್ದ ಶಿವಾಜಿ ಕಾರವಾರದಿಂದ ಕಾಣಿಕೆ ವಸೂಲಿ ಮಾಡಿದನು. ಅದರಲ್ಲಿ ಇಂಗ್ಲಿಷರೂ ತಮ್ಮ ಪಾಲನ್ನು ತೆರಬೇಕಾಯಿತು. 1670ರ ದಶಕದಲ್ಲಿ ಊರು ಮರಾಠರ ಕೈಸೇರಿತು. ಆ ಬಳಿಕ ಕೋಠಿಯ ಬದುಕು ಏರಿಳಿತಗಳಿಂದ ಕೂಡಿತ್ತು. 1684ರಲ್ಲಿ ಒಂದು ಇಂಗ್ಲಿಷ್ ಹಡಗಿನ ನಾವಿಕರು ಹಸುವನ್ನು ಕದ್ದು ಕೊಂದದ್ದರಿಂದ ಜನ ಕೆರಳಿ, ಇಂಗ್ಲಿಷರು ಊರು ಬಿಡುವ ಸ್ಥಿತಿ ಬಂದಿತ್ತೆಂದು ಹಳೆಯ ಮುಂಬಯಿ ಗೆಜೆಟಿಯರ್ ಹೇಳುತ್ತದೆ.

18ನೆಯ ಶತಮಾನದ ಆರಂಭದಲ್ಲಿ ಸೋಂದೆಯ ಅರಸರು ಅಳಿವೆಯ ಉತ್ತರದ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ಅದಕ್ಕೆ ಸದಾಶಿವಗಡವೆಂದು ಹೆಸರಿಟ್ಟರು. ಆ ಗುಡ್ಡದ ಅಡಿಯ ಚಿತ್ತಾಕುಲವು ಅದಕ್ಕೂ ಮುನ್ನ ಬಿಜಾಪುರದವರ ಗಡಿಠಾಣ್ಯವಾಗಿದ್ದಿತು. 1752ರಲ್ಲಿ ಪೋರ್ಚುಗೀಸರು ಕೋಟೆಯನ್ನು ಗೆದ್ದಾಗ ಇಂಗ್ಲಿಷರ ಕೋಠಿ ಮುಚ್ಚಿತು. 1763ರಲ್ಲಿ ಹೈದರಲಿಯ ಸೇನೆ ಸದಾಶಿವಗಡವನ್ನು ವಶಪಡಿಸಿಕೊಂಡಿತು. ಸೋಂದೆಯ ಅರಸರು ಗೋವೆಗೆ ಹೋಗಿ ನೆಲೆಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಯೆಲ್ಲ ಕಂಪನಿಯ ಆಡಳಿತಕ್ಕೆ ಬಂದಿತು.

ಹತ್ತಿಯ ಕನಸು

ಈಗ ನಾವು ಕಾಣುವ ಕಾರವಾರ ನಗರದ ಹುಟ್ಟು 19ನೆಯ ಶತಮಾನದ ನಡುಭಾಗದ್ದು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಪೂರೈಕೆ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದನ್ನು ಸಾಗಿಸಲು ಅತಿ ಸಮೀಪದ ಒಳ್ಳೆಯ ಬಂದರೆಂದರೆ ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಜಿಲ್ಲೆಯ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂದಿತು. ಕಚೇರಿಗಳು ಎದ್ದವು, ಘಟ್ಟದ ರಸ್ತೆಗಳು ಸಿದ್ಧವಾದವು. ರೈಲೂ ಬರುವುದೆಂಬ ನಿರೀಕ್ಷೆಯಿತ್ತು.

ರೈಲು ಬರಲಿಲ್ಲ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1880ರ ದಶಕದ ಕೊನೆಗೆ ಮುರ್ಮಗೋವಾದಿಂದ ಕ್ಯಾಸಲ್‌ರಾಕ್ ಮೂಲಕ ಘಟ್ಟದ ಮೇಲಕ್ಕೆ ಹಳಿ ಬಂದಿತು. ಧಾರವಾಡದ ಹತ್ತಿ ಆ ದಾರಿಯನ್ನು ಹಿಡಿಯಿತು. ದ್ವೀಪಗಳು ಕೊಟ್ಟ ನೆಮ್ಮದಿಯ ಬಂದರು ಕೈಯಲ್ಲಿದ್ದರೂ ಘಟ್ಟವನ್ನು ದಾಟುವ ಹಳಿಯಿಲ್ಲದೆ ಕಾರವಾರ ಹಿಂದುಳಿಯಿತು. ಹುಬ್ಬಳ್ಳಿ-ಅಂಕೋಲ ರೈಲುಮಾರ್ಗದ ಬೇಡಿಕೆ ಆ ಕೊರತೆಯ ಮುಂದುವರಿಕೆಯೇ ಆಗಿದೆ. ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಹಾದುಹೋಗಬೇಕಾದ ಆ ಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ. ಕರಾವಳಿಯ ಗುಂಟ ಸಾಗುವ ಕೊಂಕಣ ರೈಲ್ವೆ ಮಾತ್ರ 1998ರಲ್ಲಿ ಪೂರ್ಣವಾಗಿ ತೆರೆದು, ಕಾರವಾರವನ್ನು ಮುಂಬಯಿ-ಮಂಗಳೂರುಗಳಿಗೆ ಜೋಡಿಸಿತು.

ವ್ಯಾಪಾರ ಕುಗ್ಗಿದ ಆ ದಿನಗಳ ಕಾರವಾರವು ಸಾಹಿತ್ಯಕ್ಕೆ ಒದಗಿಬಂದಿತು. ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಅವರ ತಮ್ಮ ರವೀಂದ್ರನಾಥರು ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ನಗರದ ಕಡಲತೀರ ಇಂದು ಅವರ ಹೆಸರನ್ನು ಹೊತ್ತಿದೆ.

1961: ದ್ವೀಪದ ವಿಮೋಚನೆ

1947ರ ಆಗಸ್ಟ್ 15ರ ನಂತರವೂ ಹದಿನಾಲ್ಕು ವರ್ಷಗಳ ಕಾಲ ಕಾರವಾರದ ಜನ ಒಂದು ವಿಚಿತ್ರ ದೃಶ್ಯವನ್ನು ಕಂಡರು. ದಂಡೆಯಲ್ಲಿ ತ್ರಿವರ್ಣ ಧ್ವಜ. ಎದುರಿನ ಅಂಜುದೀವದಲ್ಲಿ ಪೋರ್ಚುಗಲ್ಲಿನ ಧ್ವಜ. 1961ರ ನವೆಂಬರಿನಲ್ಲಿ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರನೂ ಗುಂಡಿಗೆ ಬಲಿಯಾದನು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ತ್ರಿಶೂಲ್ ಮತ್ತು ಮೈಸೂರು ಎಂಬ ಯುದ್ಧನೌಕೆಗಳು ಅಂಜುದೀವದತ್ತ ಬಂದವು. ದಡಕ್ಕಿಳಿದ ನಾವಿಕರಲ್ಲಿ ಏಳು ಮಂದಿ ವೀರಮರಣವನ್ನಪ್ಪಿದರು. ಮರುದಿನ ದ್ವೀಪ ಭಾರತದ ವಶವಾಯಿತು. ಅದು ಗೋವೆಯ ಭಾಗವಾಗಿಯೇ ವಿಮೋಚನೆಗೊಂಡದ್ದರಿಂದ ಆಡಳಿತದಲ್ಲಿ ಗೋವೆಗೇ ಉಳಿಯಿತು.

ನೌಕಾನೆಲೆ ಮತ್ತು ನಿರಾಶ್ರಿತರು

ಹಡಗು ನಿಲ್ಲಲು ಆಳವಾದ, ಬೆಟ್ಟಗಳ ಮರೆಯ, ದ್ವೀಪಗಳ ಕಾವಲಿನ ನೀರು ಬೇಕೆಂಬ ಅದೇ ಹಳೆಯ ಕಾರಣ ಮತ್ತೊಮ್ಮೆ ಕಾರವಾರದ ಭವಿಷ್ಯವನ್ನು ನಿರ್ಧರಿಸಿತು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿತು. ಬನವಾಸಿಯ ಕದಂಬರ ಹೆಸರು ಕನ್ನಡನಾಡಿನ ನೌಕಾನೆಲೆಗೆ ಬಂದದ್ದು ನಮಗೆ ಹೆಮ್ಮೆಯ ಸಂಗತಿ. 2014ರ ಜನವರಿಯಲ್ಲಿ ರಷ್ಯದಿಂದ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಇಲ್ಲಿಗೇ ತಲುಪಿತು. ಅಂಜುದೀವವು ಈಗ ಈ ನೆಲೆಯ ಅಂಗ. ಅಲೆತಡೆ ಗೋಡೆಯ ಮೂಲಕ ಅದನ್ನು ದಂಡೆಗೆ ಜೋಡಿಸಲಾಗಿದೆ.

ಈ ಹೆಮ್ಮೆಯ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಹೇಳದೆ ಬಿಟ್ಟರೆ ಲೇಖನ ಅಪೂರ್ಣವಾದೀತು. ಬಿಣಗಾದಿಂದ ದಕ್ಷಿಣಕ್ಕೆ ಅಂಕೋಲೆಯ ಕಡೆಗೆ ಹಬ್ಬಿದ ಭೂಮಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ಅವರಲ್ಲಿ ಗದ್ದೆ ಮಾಡುತ್ತಿದ್ದ ರೈತರೂ ಬಲೆ ಬೀಸುತ್ತಿದ್ದ ಮೀನುಗಾರರೂ ಇದ್ದರು. ರೈತನಿಗೆ ಬೇರೆಡೆ ಭೂಮಿ ಕೊಡಬಹುದು. ಮೀನುಗಾರನಿಗೆ ಮನೆಯ ಮುಂದಿನ ಕಡಲನ್ನು ಬೇರೆಡೆ ಕೊಡಲಾಗದು. ಹೆಚ್ಚಿನ ಪರಿಹಾರಕ್ಕಾಗಿ ಈ ಕುಟುಂಬಗಳು ಹಲವು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಭೂಮಿ ಬಿಟ್ಟುಕೊಟ್ಟವರಲ್ಲಿ ಎಷ್ಟೋ ಹಿರಿಯರು ಹಣ ಕೈಸೇರುವ ಮುನ್ನವೇ ತೀರಿಕೊಂಡರು. ಅಂಜುದೀವದ ಇಗರ್ಜಿಯ ಹಬ್ಬಕ್ಕೆ ವರ್ಷಂಪ್ರತಿ ದೋಣಿಯೇರಿ ಹೋಗುತ್ತಿದ್ದ ಭಕ್ತರಿಗೂ ಭದ್ರತೆಯ ಕಾರಣದಿಂದ ಆ ದಾರಿ ಮುಚ್ಚಿತು. ದ್ವೀಪ ನೆಲಕ್ಕೆ ಸೇರಿಕೊಂಡಿತು, ಆದರೆ ನೆಲದ ಜನರಿಂದ ದೂರವಾಯಿತು.

ಬೈತಕೋಲದ ವಾಣಿಜ್ಯ ಬಂದರಿನ ವಿಸ್ತರಣೆಯ ಪ್ರಶ್ನೆಯೂ ಇದರ ಜೊತೆಗೇ ಇದೆ. ಸಾಗರಮಾಲಾ ಯೋಜನೆಯಡಿ ಠಾಕೂರ್ ಕಡಲತೀರದ ಬದಿಗೆ ಅಲೆತಡೆ ಗೋಡೆ ಕಟ್ಟಲು ಮುಂದಾದಾಗ, 2020ರ ಜನವರಿಯಲ್ಲಿ ಮೀನುಗಾರರು ದೊಡ್ಡ ಪ್ರಮಾಣದಲ್ಲಿ ಪ್ರತಿಭಟಿಸಿದರು. ಉಚ್ಚ ನ್ಯಾಯಾಲಯ ಕಾಮಗಾರಿಗೆ ತಡೆ ನೀಡಿತು. ಉತ್ತರಕ್ಕೆ ಅಳಿವೆ, ದಕ್ಷಿಣಕ್ಕೆ ನೌಕಾನೆಲೆ, ನಡುವೆ ಉಳಿದ ಒಂದೇ ತೀರವೂ ಹೋದರೆ ದೋಣಿಗಳನ್ನು ಎಳೆದು ನಿಲ್ಲಿಸುವುದೆಲ್ಲಿ ಎಂಬುದು ಅವರ ನೇರವಾದ ಪ್ರಶ್ನೆಯಾಗಿತ್ತು. ದೇಶದ ರಕ್ಷಣೆಯೂ ವ್ಯಾಪಾರವೂ ಬೇಕು. ಆದರೆ ಬಂದರಿನ ಲಾಭದ ಲೆಕ್ಕದಲ್ಲಿ ಅದರ ಮೊದಲ ವಾರಸುದಾರರ ಬದುಕೂ ಸೇರಬೇಕೆಂಬುದು ನಮ್ಮ ಅಭಿಪ್ರಾಯ.

ಹೋಗಬಯಸುವವರಿಗೆ

ಹೈದರಾಬಾದಿನಿಂದ ಕಾರವಾರ ರಸ್ತೆಯಲ್ಲಿ ಆರು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹುಬ್ಬಳ್ಳಿಯವರೆಗೆ ಬಯಲುಸೀಮೆ; ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಇಳಿದರೆ ಕಡಲು. ಮಳೆ ಮುಗಿದ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಕಾಲ ಪ್ರಶಸ್ತ. ಠಾಕೂರ್ ಕಡಲತೀರದಲ್ಲಿ ಕ್ಷಿಪಣಿನೌಕೆ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಸದಾಶಿವಗಡದಲ್ಲಿ ಕೋಟೆಯ ಅವಶೇಷಗಳೂ ದುರ್ಗಾದೇವಿಯ ಗುಡಿಯೂ ದರ್ಗಾವೂ ಇವೆ. ಕಾಳಿಯ ಮೇಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದುಬಿದ್ದಿತು. ಒಂದು ಲಾರಿ ನದಿಗೆ ಬಿದ್ದರೂ ಅದರ ಚಾಲಕನನ್ನು ರಕ್ಷಿಸಲಾಯಿತು. ಪಕ್ಕದ ಹೊಸ ಸೇತುವೆ ಉಳಿಯಿತು.

ಕೂರ್ಮಗಡದ ಜಾತ್ರೆಗೆ ಹೋಗುವವರು ಜೀವರಕ್ಷಕ ಅಂಗಿಯಿಲ್ಲದೆ, ಜನ ತುಂಬಿದ ದೋಣಿಯನ್ನು ಹತ್ತಬಾರದು. ಅಂಜುದೀವವನ್ನು ದೂರದಿಂದಲೇ ನೋಡಬೇಕು. ನೌಕಾನೆಲೆಯ ಭಾಗದಲ್ಲಿ ಛಾಯಾಚಿತ್ರ ತೆಗೆಯಬಾರದು. ಊರಿನಲ್ಲಿ ಕೊಂಕಣಿ, ಕನ್ನಡ ಎರಡೂ ಕೇಳಿಬರುತ್ತವೆ. ಹೈದರಾಬಾದಿನಲ್ಲಿ ತೆಲುಗು, ಉರ್ದುಗಳ ನಡುವೆ ಕನ್ನಡವನ್ನು ಉಳಿಸಿಕೊಂಡು ಬಂದ ನಮ್ಮ ಕುಟುಂಬಗಳಿಗೆ ಆ ಊರಿನ ಭಾಷಾಬಾಂಧವ್ಯ ಅಪರಿಚಿತವೆನಿಸದು. ಮಕ್ಕಳನ್ನು ಕರೆದೊಯ್ಯುವವರು ಕಡಲನ್ನು ತೋರಿಸುವಾಗ ಎದುರಿನ ದ್ವೀಪಗಳ ಹೆಸರನ್ನೂ ಹೇಳಿಕೊಡಲಿ; ಅವುಗಳ ಮರೆಯಲ್ಲಿಯೇ ಆ ನಗರ ಬೆಳೆದಿದೆ.